ಸಂಜೆ ಆರು ಗಂಟೆ ಎಂದರೆ ಯಾರ ಆರು ಗಂಟೆ?

ಮನೆಮಂದಿಯೆಲ್ಲ ಹಂಚಿಕೊಂಡು ಬಳಸುವ ಕ್ಯಾಲೆಂಡರ್ ಒಂದು ನಮ್ಮಲ್ಲಿದೆ. ಅದು ಇರುವುದು ಯಾವುದೋ ಕಂಪನಿಯ ಸರ್ವರಿನಲ್ಲಲ್ಲ, ಪುಸ್ತಕದ ಕಪಾಟಿನ ಮೇಲೆ ಕೂತಿರುವ ಅಂಗೈಯಗಲದ ಕಂಪ್ಯೂಟರಿನಲ್ಲಿ. ಅಪ್ಪ ಹಲ್ಲಿನ ವೈದ್ಯರ ಹತ್ತಿರ ಹೋಗುವುದು ಯಾವತ್ತು, ಮಕ್ಕಳ ಪರೀಕ್ಷೆ ಎಂದು ಶುರು, ಅಕ್ಕನ ವಿಮಾನ ಎಷ್ಟು ಹೊತ್ತಿಗೆ, ಎಲ್ಲವೂ ಅದರಲ್ಲೇ. ಆ್ಯಪನ್ನು ಬರೆದವನೂ ನೋಡಿಕೊಳ್ಳುವವನೂ ನಾನೇ. ಈ ವರ್ಷ ಅದನ್ನು ಸುಧಾರಿಸಬೇಕೆಂದು ಪಟ್ಟಿ ಮಾಡಲು ಕೂತಾಗ ಮೊದಲು ಹೊಳೆದವು ಕಣ್ಣಿಗೆ ಕಾಣುವ ಸಂಗತಿಗಳು: ಒಬ್ಬೊಬ್ಬರಿಗೂ ಒಂದು ಬಣ್ಣ, ರಾತ್ರಿ ಹೊತ್ತಿಗೆ ಕಪ್ಪು ಹಿನ್ನೆಲೆ, ಚೆನ್ನಾಗಿ ಹುಡುಕುವ ಸೌಲಭ್ಯ. ಆಮೇಲೆ, ಈ ಕ್ಯಾಲೆಂಡರ್ ನಮಗೆ ಕೈಕೊಟ್ಟ ಸಂದರ್ಭಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಒಂದಕ್ಕೂ ಬಣ್ಣ ಕಾರಣವಾಗಿರಲಿಲ್ಲ. ಪ್ರತಿ ಸಲವೂ ಬರೆದವರ ಮನಸ್ಸಿನಲ್ಲಿದ್ದದ್ದು ಒಂದು, ಯಂತ್ರ ಉಳಿಸಿಕೊಂಡದ್ದು ಇನ್ನೊಂದು. ಪಟ್ಟಿಯನ್ನು ಹರಿದು ಮತ್ತೆ ಬರೆದೆ.

ಅಮ್ಮನ ಹುಟ್ಟುಹಬ್ಬವನ್ನೇ ನೋಡಿ. ಅಕ್ಕ ಕೆಲಸದ ಮೇಲೆ ಪಶ್ಚಿಮದ ದೇಶವೊಂದಕ್ಕೆ ಹೋದಾಗ ಅವಳ ಮೊಬೈಲಿನಲ್ಲಿ ಹುಟ್ಟುಹಬ್ಬ ಒಂದು ದಿನ ಹಿಂದಕ್ಕೆ ಸರಿದಿತ್ತು. ನನ್ನ ಕೋಡ್ ಅದನ್ನು 'ಆ ದಿನದ ಸೊನ್ನೆ ಗಂಟೆ' ಎಂಬ ಒಂದು ಕ್ಷಣವಾಗಿ, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆದಿಟ್ಟಿತ್ತು. ಗಡಿಯಾರ ಯುಟಿಸಿಗಿಂತ ಹಿಂದಿರುವ ಪಶ್ಚಿಮದ ಊರುಗಳಲ್ಲಿ ಆ ಕ್ಷಣಕ್ಕೆ ಇನ್ನೂ ಹಿಂದಿನ ದಿನದ ಸಂಜೆಯೋ ರಾತ್ರಿಯೋ ನಡೆಯುತ್ತಿರುತ್ತದೆ. ಲೆಕ್ಕ ಸರಿಯೇ ಇತ್ತು. ಆದರೆ ಹುಟ್ಟುಹಬ್ಬ ಎಂದರೆ ತಾರೀಖು, ಅದಕ್ಕೆ ಗಂಟೆಯೂ ಇಲ್ಲ, ಊರೂ ಇಲ್ಲ.

ಈ ತಪ್ಪು ನನಗೆ ಹೊಸದಿರಬಹುದು, ಕ್ಷೇತ್ರಕ್ಕೆ ಹಳೆಯದು. ಇವತ್ತು ಹೆಚ್ಚಿನ ಕ್ಯಾಲೆಂಡರ್‌ಗಳು ಪರಸ್ಪರ ಮಾತಾಡುವ ಭಾಷೆ ಐಕ್ಯಾಲೆಂಡರ್ ಎಂಬ ಮಾನದಂಡ. 1998ರಲ್ಲಿ ಬಂದ ಅದನ್ನು 2009ರಲ್ಲಿ, ಇಂಟರ್‌ನೆಟ್ ಮಾನದಂಡಗಳು ಪ್ರಕಟವಾಗುವ ಆರ್‌ಎಫ್‌ಸಿ ಸರಣಿಯಲ್ಲಿ, 5545 ಎಂಬ ಸಂಖ್ಯೆಯಡಿ ಪರಿಷ್ಕರಿಸಲಾಯಿತು. ಅದರಲ್ಲಿ ಹೊತ್ತನ್ನು ಬರೆಯುವ ಬಗೆ ಒಂದಲ್ಲ, ನಾಲ್ಕು. ಹುಟ್ಟುಹಬ್ಬದಂಥವಕ್ಕೆ ಬರಿಯ ತಾರೀಖು. ಗ್ರಹಣದಂಥವಕ್ಕೆ ಯುಟಿಸಿಯ ನಿಖರ ಕ್ಷಣ. ವೈದ್ಯರ ಭೇಟಿಗೆ ಆ ಊರಿನ ಗೋಡೆ ಗಡಿಯಾರ ತೋರಿಸುವ ಹೊತ್ತು. ಕೊನೆಯದಾಗಿ, ಯಾವ ಊರಿಗೂ ಕಟ್ಟುಬೀಳದ ತೇಲುವ ಹೊತ್ತು: ಬೆಳಿಗ್ಗೆ ಏಳಕ್ಕೆ ವ್ಯಾಯಾಮ ಎಂದರೆ ನೀವು ಎಲ್ಲಿದ್ದೀರೋ ಅಲ್ಲಿಯ ಏಳು. ಎಲ್ಲವನ್ನೂ ಯುಟಿಸಿಗೆ ತಿರುಗಿಸಿ ಇಟ್ಟುಬಿಡಿ ಎಂದು ಪ್ರೋಗ್ರಾಮರುಗಳಿಗೆ ಹೇಳಿಕೊಡುವುದುಂಟು. ನಡೆದುಹೋದ ಘಟನೆಗಳಿಗೆ ಅದು ಒಳ್ಳೆಯ ಸಲಹೆ. ಕ್ಯಾಲೆಂಡರಿನಲ್ಲಿ ತುಂಬಿರುವುದು ಇನ್ನೂ ನಡೆಯದ ಘಟನೆಗಳು, ಅವಕ್ಕೆ ಈ ಸಲಹೆ ಅಪಾಯಕಾರಿ.

ಯಾಕೆಂದರೆ ಗಡಿಯಾರಗಳನ್ನು ಸರ್ಕಾರಗಳು ಬದಲಿಸುತ್ತವೆ. ಲೆಬನಾನ್‌ನಲ್ಲಿ 2023ರ ಮಾರ್ಚ್ ಕೊನೆಯ ಭಾನುವಾರ, ಬೇಸಿಗೆ ಸಮಯಕ್ಕೆಂದು, ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗಬೇಕಿತ್ತು. ಕೆಲವೇ ದಿನ ಮುಂಚೆ ಸರ್ಕಾರ ಅದನ್ನು ರಂಜಾನ್ ಮುಗಿಯುವ ತನಕ ಮುಂದೂಡಿತು. ಹಲವು ಸಂಸ್ಥೆಗಳು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಕೆಲವು ದಿನ ಎರಡು ಸಮಯ ನಡೆದವು, ಕೊನೆಗೆ ಸರ್ಕಾರವೇ ನಿರ್ಧಾರ ಹಿಂತೆಗೆದುಕೊಂಡಿತು. ಸಮೋವಾದಲ್ಲಿ ಆದದ್ದು ಇನ್ನೂ ದೊಡ್ಡದು. ಆ ದ್ವೀಪರಾಷ್ಟ್ರ ದಿನಾಂಕರೇಖೆಯ ಇನ್ನೊಂದು ಬದಿಗೆ ಸೇರಿಕೊಂಡಾಗ 2011ರ ಡಿಸೆಂಬರ್ 30 ಎಂಬ ದಿನವೇ ಅಲ್ಲಿ ಬರಲಿಲ್ಲ. 29ರ ರಾತ್ರಿ ಮಲಗಿದವರು ಎದ್ದದ್ದು 31ಕ್ಕೆ. ಆ ದೇಶದಲ್ಲಿ ಮುಂದಿನ ತಿಂಗಳ 'ಬೆಳಿಗ್ಗೆ ಹತ್ತು' ಎಂದು ನಿಗದಿಯಾಗಿದ್ದ ಭೇಟಿಯನ್ನು ಮೊದಲೇ ಯುಟಿಸಿಗೆ ತಿರುಗಿಸಿ ಇಟ್ಟಿದ್ದರೆ ಅದು ಇಡೀ ಒಂದು ದಿನ ತಪ್ಪುತ್ತಿತ್ತು. 'ಇಂಥ ತಾರೀಖು, ಇಂಥ ಊರಿನ ಗಡಿಯಾರದಲ್ಲಿ ಹತ್ತು' ಎಂದೇ ಬರೆದಿಟ್ಟು, ತೋರಿಸುವಾಗ ಮಾತ್ರ ಲೆಕ್ಕ ಹಾಕಿದರೆ ತೊಂದರೆಯಿಲ್ಲ.

ಆ ಲೆಕ್ಕಕ್ಕೆ ಬೇಕಾದ ಜಗತ್ತಿನ ನಿಯಮಗಳೆಲ್ಲ ಕಾಲವಲಯಗಳ ಡೇಟಾಬೇಸ್ ಒಂದರಲ್ಲಿವೆ. 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದ ಈ ಕೆಲಸವನ್ನು ಪಾಲ್ ಎಗರ್ಟ್ ಮುಂದುವರಿಸಿದರು. 2011ರಿಂದ ಅದು ಇಂಟರ್‌ನೆಟ್ಟಿನ ಹೆಸರು, ವಿಳಾಸಗಳ ಪಟ್ಟಿ ನೋಡಿಕೊಳ್ಳುವ ಐಎಎನ್‌ಎ ಆಶ್ರಯದಲ್ಲಿದೆ. ಯಾವುದೋ ಸರ್ಕಾರ ಹೊಸ ಆದೇಶ ಹೊರಡಿಸಿದಾಗೆಲ್ಲ ಅದನ್ನು ಹುಡುಕಿ, ಪರಿಶೀಲಿಸಿ, ಕೆಲವು ಸಾಲುಗಳನ್ನು ತಿದ್ದಿ ಹೊಸ ಆವೃತ್ತಿ ಹೊರತರುತ್ತಾರೆ. ಕೋಟ್ಯಂತರ ಮೊಬೈಲುಗಳು ಸರಿಯಾದ ಹೊತ್ತು ತೋರಿಸುವುದರ ಹಿಂದೆ ಈ ಸದ್ದಿಲ್ಲದ ದುಡಿಮೆ ಇದೆ. ನನಗೆ ಅದರ ಬಗ್ಗೆ ಅಪಾರ ಗೌರವ. ಕಪಾಟಿನ ಮೇಲಿನ ನಮ್ಮ ಸರ್ವರ್ ಈ ಡೇಟಾಬೇಸಿನ ಹಳೆಯ ಆವೃತ್ತಿಯಲ್ಲೇ ಎರಡು ವರ್ಷ ಕಳೆದಿತ್ತು ಎಂಬುದು ಗೊತ್ತಾದದ್ದು ಈ ಪಟ್ಟಿ ಮಾಡುವಾಗ.

ಇನ್ನು ಅಕ್ಕನ ಜೊತೆ ಪ್ರತಿ ಬುಧವಾರ ಸಂಜೆ ಆರಕ್ಕೆ ನಡೆಯುವ ವೀಡಿಯೊ ಮಾತುಕತೆ. ಅವಳಿರುವ ದೇಶ ವರ್ಷಕ್ಕೆ ಎರಡು ಸಲ ಗಡಿಯಾರ ಬದಲಿಸುತ್ತದೆ, ನಮ್ಮದು ಬದಲಿಸುವುದಿಲ್ಲ. ಆರು ಎಂದರೆ ನಮ್ಮ ಆರೋ ಅವಳ ಕಚೇರಿಯ ಊಟದ ಬಿಡುವೋ? ಇದನ್ನು ಯಾವ ಸೂತ್ರವೂ ಹೇಳಲಾರದು. ಹಾಗಾಗಿ ಬೇರೆ ಬೇರೆ ಕಾಲವಲಯದವರು ಸೇರುವ ಕಾರ್ಯಕ್ರಮ ಬರೆಯುವಾಗ 'ಯಾರ ಗಡಿಯಾರದ ಪ್ರಕಾರ?' ಎಂದು ಆ್ಯಪ್ ಒಂದು ಸಲ ಕೇಳಲಿದೆ.

ಮತ್ತೆ ಮತ್ತೆ ಬರುವ ಕಾರ್ಯಕ್ರಮಗಳದು ಇನ್ನೊಂದು ಬಗೆಯ ಗೊಂದಲ. 'ಪ್ರತಿ ತಿಂಗಳು 31ಕ್ಕೆ' ಎಂದು ಬರೆದರೆ ಅದು ವರ್ಷದಲ್ಲಿ ಏಳು ಸಲ ಮಾತ್ರ ಬರುತ್ತದೆ. ಇಲ್ಲದ ತಾರೀಖನ್ನು ಬಿಟ್ಟು ಮುಂದೆ ಹೋಗಬೇಕೆಂದೇ ಐಕ್ಯಾಲೆಂಡರ್ ಹೇಳುತ್ತದೆ. ಬಾಡಿಗೆ ಕಟ್ಟಬೇಕೆಂದು ಬರೆದವರು ಬಯಸಿದ್ದು ತಿಂಗಳ ಕೊನೆಯ ದಿನವನ್ನು. ಅದಕ್ಕೆ ಮಾನದಂಡದಲ್ಲಿ ಬೇರೆಯೇ ಬರಹವಿದೆ: ಕೊನೆಯಿಂದ ಎಣಿಸುವ ಮೈನಸ್ ಒಂದು. ಫೆಬ್ರುವರಿ 29ರಂದು ಹುಟ್ಟಿದವರ ಪಾಡೂ ಇದೇ. ಗ್ರೆಗೋರಿಯನ್ ಪದ್ಧತಿಯ 400 ವರ್ಷಗಳಲ್ಲಿ ಅಧಿಕ ವರ್ಷಗಳು 97, ಹಾಗಾಗಿ ಅವರ ತಾರೀಖು ಬರುವುದೂ 97 ಸಲ. 2096ರ ಬಳಿಕ ಅದು ಮತ್ತೆ ಬರುವುದು ಎಂಟು ವರ್ಷ ಕಳೆದು, 2104ರಲ್ಲಿ. (ಆ 400 ವರ್ಷಗಳ ಒಟ್ಟು ದಿನಗಳು 1,46,097. ಏಳರಿಂದ ಭಾಗಿಸಿದರೆ ಶೇಷವೇ ಉಳಿಯದೆ 20,871 ವಾರಗಳು. ಹೀಗಾಗಿ 2000ದ ಕ್ಯಾಲೆಂಡರ್ 2400ಕ್ಕೂ ಹೊಂದುತ್ತದೆ. ಪ್ರತಿ ಸಲ ಈ ಭಾಗಾಕಾರ ಮಾಡಿದಾಗಲೂ ನನಗೆ ಖುಷಿಯಾಗುತ್ತದೆ.) ಆ ತಾರೀಖು ಇಲ್ಲದ ವರ್ಷ ಹಿಂದಿನ ದಿನಕ್ಕೋ ಮುಂದಿನ ದಿನಕ್ಕೋ ಸರಿಸಬೇಕೆಂದು ಹೇಳುವ ಸೌಕರ್ಯವನ್ನು 2015ರ ಆರ್‌ಎಫ್‌ಸಿ 7529 ಒದಗಿಸಿತು. 28 ಬೇಕೋ ಮಾರ್ಚ್ 1 ಬೇಕೋ ಎಂಬುದನ್ನು ಹುಟ್ಟಿದವರೇ ಹೇಳಲಿ.

ಈಗ ಎಲ್ಲಕ್ಕಿಂತ ಕಷ್ಟದ್ದಕ್ಕೆ ಬರೋಣ. ಒಂದು ದಿನ ನೆಟ್‌ವರ್ಕ್ ಸಿಗದ ಜಾಗದಲ್ಲಿದ್ದ ಅಪ್ಪ ಹಲ್ಲಿನ ವೈದ್ಯರ ಭೇಟಿಯನ್ನು ನಾಲ್ಕರಿಂದ ಐದಕ್ಕೆ ತಿದ್ದಿದರು. ಅದೇ ಹೊತ್ತಿಗೆ ಮನೆಯಲ್ಲಿ ಅಮ್ಮ ಅದೇ ಭೇಟಿಯ ಟಿಪ್ಪಣಿಗೆ 'ಹಳೆಯ ಎಕ್ಸ್‌ರೇ ತರಬೇಕು' ಎಂದು ಸೇರಿಸಿದರು. ಅಪ್ಪನ ಮೊಬೈಲ್ ಮತ್ತೆ ಸಂಪರ್ಕಕ್ಕೆ ಬಂದಾಗ ಇಡೀ ಕಾರ್ಯಕ್ರಮವನ್ನು ತನ್ನ ಪ್ರತಿಯಿಂದ ಮುಚ್ಚಿಬಿಟ್ಟಿತು. ಎಕ್ಸ್‌ರೇ ಮನೆಯಲ್ಲೇ ಉಳಿಯಿತು, ಅಪ್ಪ ಇನ್ನೊಮ್ಮೆ ಹೋಗಬೇಕಾಯಿತು. 'ಕೊನೆಗೆ ಬರೆದವರದೇ ಗೆಲುವು' ಎಂಬ ನಿಯಮ ಬರೆಯಲು ಸುಲಭ ಎಂದು ನಾನು ಅದನ್ನು ಆರಿಸಿಕೊಂಡಿದ್ದೆ.

ಆ ನಿಯಮಕ್ಕೆ 'ಕೊನೆ' ಯಾವುದೆಂದೇ ಖಚಿತವಾಗಿ ಗೊತ್ತಾಗುವುದಿಲ್ಲ. ಎರಡು ಯಂತ್ರಗಳ ಗಡಿಯಾರಗಳು ಪೂರ್ತಿ ಹೊಂದುವುದಿಲ್ಲ. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈನ ಹಳೆಯ ಮಾದರಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವೇ ಇಲ್ಲ. ವಿದ್ಯುತ್ ಹೋಗಿ ಬಂದರೆ ಇಂಟರ್‌ನೆಟ್ಟಿನಿಂದ ಹೊತ್ತು ತಿಳಿಯುವ ತನಕ ಅದು ಹಳೆಯ ಸಮಯದಲ್ಲೇ ಇರುತ್ತದೆ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರ ತಮ್ಮ ಪ್ರಬಂಧದಲ್ಲಿ ಈ ಸಮಸ್ಯೆಯ ಬುಡಕ್ಕೇ ಕೈ ಹಾಕಿದರು. ದೂರದೂರದ ಯಂತ್ರಗಳ ನಡುವೆ ಮುಖ್ಯವಾಗುವುದು ಗಡಿಯಾರದ ಅಂಕಿಯಲ್ಲ, ಯಾವ ಘಟನೆ ಯಾವುದನ್ನು ತಿಳಿದ ಮೇಲೆ ನಡೆಯಿತು ಎಂಬುದು ಎಂದು ಅವರು ತೋರಿಸಿದರು. ಅಪ್ಪ ತಿದ್ದುವಾಗ ಅಮ್ಮನ ಟಿಪ್ಪಣಿ ಅವರಿಗೆ ಕಂಡಿರಲಿಲ್ಲ, ಅಮ್ಮನಿಗೆ ಅಪ್ಪನ ತಿದ್ದುಪಡಿ ಕಂಡಿರಲಿಲ್ಲ. ಎರಡರಲ್ಲಿ ಯಾವುದೂ ಇನ್ನೊಂದಕ್ಕಿಂತ 'ಆಮೇಲಿನದು' ಅಲ್ಲ.

ಇಂಥ ಘರ್ಷಣೆ ಪತ್ತೆ ಹಚ್ಚಲು, ಮೊಬೈಲ್ ಮತ್ತು ಸರ್ವರ್ ಕ್ಯಾಲೆಂಡರನ್ನು ಹಂಚಿಕೊಳ್ಳುವ ಬಗೆ ಹೇಳುವ 2007ರ ಕ್ಯಾಲ್‌ಡ್ಯಾವ್ ಮಾನದಂಡದಲ್ಲೇ ಉಪಾಯವಿದೆ. ಪ್ರತಿ ಕಾರ್ಯಕ್ರಮದ ಪ್ರತಿ ಆವೃತ್ತಿಗೂ ಇಟ್ಯಾಗ್ ಎಂಬ ಗುರುತು ಇರುತ್ತದೆ. 'ನಾನು ನೋಡಿದ ಆವೃತ್ತಿ ಇದು, ಇದಿನ್ನೂ ಹಾಗೇ ಇದ್ದರೆ ಮಾತ್ರ ಬದಲಿಸು' ಎಂದು ಮೊಬೈಲ್ ಕೇಳಬಹುದು. ಅಷ್ಟರಲ್ಲಿ ಬೇರೆಯವರು ಬದಲಿಸಿದ್ದರೆ ಸರ್ವರ್ 412 ಎಂಬ ಉತ್ತರ ಕೊಟ್ಟು ನಿರಾಕರಿಸುತ್ತದೆ. ಮುಂದೇನು ಎಂಬುದು ನಮ್ಮ ಕೈಯಲ್ಲಿದೆ. ಒಬ್ಬರು ಹೊತ್ತನ್ನೂ ಇನ್ನೊಬ್ಬರು ಟಿಪ್ಪಣಿಯನ್ನೂ ಮುಟ್ಟಿದ್ದರೆ ಎರಡನ್ನೂ ಉಳಿಸಿಕೊಳ್ಳಬಹುದು. ಆದರೆ ಇದೇ ಜಾಣತನವನ್ನು ಕಣ್ಣುಮುಚ್ಚಿ ಎಲ್ಲ ಕಡೆ ಹೂಡುವಂತಿಲ್ಲ. ಐದರಿಂದ ಆರರ ತನಕ ಇದ್ದ ಕಾರ್ಯಕ್ರಮದ ಶುರುವನ್ನು ಒಬ್ಬರು ಆರಕ್ಕೆ ಸರಿಸಿದರು, ಇನ್ನೊಬ್ಬರು ಕೊನೆಯನ್ನು ಐದೂವರೆಗೆ ತಂದರು ಎಂದುಕೊಳ್ಳಿ. ಎರಡನ್ನೂ ಒಪ್ಪಿದರೆ ಶುರುವಾಗುವ ಮುಂಚೆಯೇ ಮುಗಿಯುವ ಕಾರ್ಯಕ್ರಮ ಹುಟ್ಟುತ್ತದೆ. ಶುರು ಮತ್ತು ಕೊನೆಯನ್ನು ಒಂದೇ ಘಟಕವಾಗಿ ಹಿಡಿಯಬೇಕು. ಸಿಆರ್‌ಡಿಟಿ ಎಂಬ ದತ್ತ ರಚನೆಗಳು 2011ರ ಹೊತ್ತಿಗೆ ರೂಪುಗೊಂಡವು. ತಿದ್ದುಪಡಿಗಳು ಯಾವ ಕ್ರಮದಲ್ಲಿ ತಲುಪಿದರೂ ಎಲ್ಲ ಯಂತ್ರಗಳೂ ಒಂದೇ ಸ್ಥಿತಿಗೆ ಬರುತ್ತವೆಂದು ಅವು ಖಾತ್ರಿ ಕೊಡುತ್ತವೆ. ಸುಂದರವಾದ ಗಣಿತ ಅದು. ಆದರೂ ಎಲ್ಲರ ಮೊಬೈಲಿನಲ್ಲೂ ಒಂದೇ ಹೊತ್ತು ಕಾಣಿಸುತ್ತಿದೆ ಎಂದ ಮಾತ್ರಕ್ಕೆ ವೈದ್ಯರು ಆ ಹೊತ್ತಿಗೆ ಕಾಯುತ್ತಿದ್ದಾರೆ ಎಂದಲ್ಲ. ಇಬ್ಬರೂ ಹೊತ್ತನ್ನೇ ಬದಲಿಸಿದ್ದರೆ ನನ್ನ ಆ್ಯಪ್ ಇಬ್ಬರಿಗೂ ಎರಡನ್ನೂ ತೋರಿಸಿ ಕೇಳುತ್ತದೆ. ಒಂದು ಮನೆಯಲ್ಲಿ ಇಂಥ ಪ್ರಸಂಗ ಅಪರೂಪ, ಕೇಳಿದರೆ ಯಾರಿಗೂ ಹೊರೆಯಾಗದು.

ರಿಮೈಂಡರ್ ವಿಷಯದಲ್ಲಿ ನಾನು ಮಾಡಹೊರಟಿದ್ದ ಸುಧಾರಣೆ 'ಎಲ್ಲರಿಗೂ ಎಚ್ಚರಿಕೆ'. ಅದನ್ನು ಕೈಬಿಟ್ಟೆ. ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ನೊಂದು ಕೋಣೆಯಲ್ಲಿ ಯಾರಿಗೋ ಮೂರ್ಛೆ ಬಂದದ್ದು ತನಗೊಬ್ಬನಿಗೇ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಶೇ 85 ಮಂದಿ ಅದು ಮುಗಿಯುವುದರೊಳಗೆ ನೆರವಿಗೆ ಎದ್ದರು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದು ನಂಬಿದವರಲ್ಲಿ ಎದ್ದದ್ದು ಶೇ 31. ತುರ್ತಿನ ಪ್ರಯೋಗವನ್ನು ಮನೆಗೆಲಸಕ್ಕೆ ಹಾಗೇ ಹೊಂದಿಸಲಾಗದು, ನಿಜ. ಆದರೆ ಐದು ಮೊಬೈಲುಗಳು ಒಟ್ಟಿಗೆ ಗುಣುಗಿದ ದಿನವೇ ಮಗುವನ್ನು ತರಗತಿಯಿಂದ ಕರೆತರಲು ಯಾರೂ ಹೋಗದಿದ್ದದ್ದನ್ನು ನಾನು ಕಂಡಿದ್ದೇನೆ. ಐಕ್ಯಾಲೆಂಡರಿನಲ್ಲಿ ಭಾಗವಹಿಸುವವರ ಹೆಸರಿನ ಪಕ್ಕ 'ಒಪ್ಪಿದ್ದಾರೆ' ಎಂದು ಗುರುತಿಸಲು ಮೊದಲಿಂದಲೂ ಜಾಗವಿದೆ. ಇನ್ನು ಮೇಲೆ ಎಚ್ಚರಿಕೆ ಹೋಗುವುದು ಒಪ್ಪಿಕೊಂಡವರಿಗೆ. ಹಿಂದಿನ ರಾತ್ರಿಯ ತನಕ ಯಾರೂ ಒಪ್ಪದಿದ್ದರೆ ಮಾತ್ರ ಎಲ್ಲರಿಗೂ.

ಪಟ್ಟಿಯಲ್ಲಿ ಕೊನೆಗೆ ಬರೆದರೂ ಮೊದಲು ಮಾಡಬೇಕಾದದ್ದು ಬ್ಯಾಕಪ್. ನಮ್ಮ ಮಾಹಿತಿಯೆಲ್ಲ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಫೈಲೊಂದರಲ್ಲಿದೆ. ಅದಕ್ಕೆ ಯಾರಾದರೂ ಬರೆಯುತ್ತಿರುವಾಗಲೇ ಸುಮ್ಮನೆ ನಕಲು ಮಾಡಿದರೆ ಅರ್ಧ ಹಳೆಯ, ಅರ್ಧ ಹೊಸ ಪುಟಗಳು ಸೇರಿ ಕೆಟ್ಟ ಪ್ರತಿ ಸಿಗಬಹುದು. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ವಿಧಾನವನ್ನು ಬಳಸಬೇಕು. ಜೊತೆಗೆ ದಿನಕ್ಕೊಮ್ಮೆ ಎಲ್ಲವನ್ನೂ ಐಕ್ಯಾಲೆಂಡರ್ ಫೈಲಾಗಿಯೂ ಹೊರತೆಗೆದು ಮನೆಯಾಚೆ ಒಂದು ಕಡೆ ಇಡುತ್ತೇನೆ. ಅದು ಸರಳ ಪಠ್ಯ, ನನ್ನ ಆ್ಯಪ್ ಇಲ್ಲವಾದರೂ ಬೇರೆ ಯಾವ ಕ್ಯಾಲೆಂಡರಿನಲ್ಲಾದರೂ ತೆರೆದುಕೊಳ್ಳುತ್ತದೆ.

ನಾನೇ ಇಲ್ಲದಿದ್ದರೆ? ಎಲ್ಲವನ್ನೂ ಮರಳಿ ಕಟ್ಟುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಮುಂದಿನ ಭಾನುವಾರ ಊರಿಗೆ ಬರುವ ಅಕ್ಕ, ಖಾಲಿ ಮೆಮೊರಿ ಕಾರ್ಡ್ ಹಿಡಿದು, ನನ್ನನ್ನು ಒಂದು ಮಾತೂ ಕೇಳದೆ, ಆ ಹಾಳೆ ಓದಿಕೊಂಡೇ ಕ್ಯಾಲೆಂಡರನ್ನು ಎಬ್ಬಿಸಲು ನೋಡುತ್ತಾಳೆ. ಬೆಳಿಗ್ಗೆ ಹತ್ತಕ್ಕೆ, ಇಲ್ಲಿಯ ಗಡಿಯಾರದ ಪ್ರಕಾರ. ಅವಳ ಹೆಸರಿನ ಪಕ್ಕ 'ಒಪ್ಪಿದ್ದಾರೆ' ಎಂದು ನಿನ್ನೆ ರಾತ್ರಿ ಬಂದಿದೆ.