ಪಾಟೀ ಸವಾಲಿಲ್ಲದ ಸಾಕ್ಷ್ಯ

ಅಪರಾಧ ಸಾಕ್ಷ್ಯಚಿತ್ರ ನೋಡಿದವರು ಬಂದು, "ಸರ್, ಆ ಮನುಷ್ಯ ನಿರಪರಾಧಿ ಅಲ್ವಾ?" ಅನ್ನುತ್ತಾರೆ. ಕ್ರಿಮಿನಲ್ ವಕೀಲನಾಗಿ ನಾನು ಕೇಳುವುದು ಒಂದೇ: ಪ್ರಾಸಿಕ್ಯೂಷನ್‌ನವರ ಬಳಿ ಏನೇನಿತ್ತು? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅದು ಅವರ ತಪ್ಪಲ್ಲ, ತೋರಿಸಿದ್ದರೆ ತಾನೆ ಗೊತ್ತಾಗುವುದು.

2015ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಮೇಕಿಂಗ್ ಎ ಮರ್ಡರರ್' ಸರಣಿಯನ್ನೇ ನೋಡಿ. ಅಮೆರಿಕದ ವಿಸ್ಕಾನ್ಸಿನ್‌ನ ಸ್ಟೀವನ್ ಏವರಿ, ತಾನು ಮಾಡದ ಲೈಂಗಿಕ ದೌರ್ಜನ್ಯಕ್ಕೆ 18 ವರ್ಷ ಜೈಲಿನಲ್ಲಿದ್ದು, ಡಿಎನ್ಎ ಪರೀಕ್ಷೆಯಿಂದಾಗಿ 2003ರಲ್ಲಿ ಹೊರಬಂದ. ಕೌಂಟಿಯ ಮೇಲೆ 3.6 ಕೋಟಿ ಡಾಲರ್ ಪರಿಹಾರದ ದಾವೆ ಹೂಡಿದ. ದಾವೆ ನಡೆಯುತ್ತಿರುವಾಗಲೇ, 2005ರ ಅಕ್ಟೋಬರ್ 31ರಂದು, ಅವನಲ್ಲಿಗೆ ವಾಹನದ ಫೋಟೊ ತೆಗೆಯಲು ಹೋದ 25 ವರ್ಷದ ಯುವತಿ ಕಾಣೆಯಾದಳು. 2007ರಲ್ಲಿ ಜ್ಯೂರಿ ಅವನನ್ನು ಕೊಲೆ ಅಪರಾಧಿ ಎಂದಿತು. ಪೊಲೀಸರೇ ಸಾಕ್ಷ್ಯ ಸೃಷ್ಟಿಸಿದರೇ ಎಂಬ ಅನುಮಾನ ಸರಣಿಯ ಉದ್ದಕ್ಕೂ ಇದೆ.

ಈಗ ಒಂದು ದೃಶ್ಯ. ಪೊಲೀಸ್ ಅಧಿಕಾರಿ ಆಂಡ್ರ್ಯೂ ಕೋಲ್ಬರ್ನ್ ಸಾಕ್ಷಿ ಕಟಕಟೆಯಲ್ಲಿದ್ದಾರೆ. ಯುವತಿಯ ಟೊಯೋಟಾ ಕಾರು ಪತ್ತೆಯಾಯಿತು ಎನ್ನುವ ಮೊದಲೇ ಅದರ ನಂಬರನ್ನು ಅವರು ಕಂಟ್ರೋಲ್ ರೂಮಿಗೆ ಫೋನಿನಲ್ಲಿ ಹೇಳಿದ್ದರು. ಆ ಕರೆ ಕೇಳಿದವರಿಗೆ, ನೀವು ಕಾರಿನ ಹಿಂದೆ ನಿಂತೇ ನಂಬರ್ ಓದುತ್ತಿದ್ದಿರಿ ಅನ್ನಿಸಬಹುದಲ್ಲವೇ ಎಂದು ಡಿಫೆನ್ಸ್ ವಕೀಲರು ಕೇಳುತ್ತಾರೆ. ಸರಣಿಯಲ್ಲಿ ಕೋಲ್ಬರ್ನ್ "ಹೌದು" ಅನ್ನುತ್ತಾರೆ. ನ್ಯಾಯಾಲಯದಲ್ಲಿ ಆ ಪ್ರಶ್ನೆಗೆ ಆಕ್ಷೇಪಣೆ ಬಂತು, ನ್ಯಾಯಾಧೀಶರು ಅದನ್ನು ಎತ್ತಿಹಿಡಿದರು, ಉತ್ತರವೇ ದಾಖಲಾಗಲಿಲ್ಲ. ಆಮೇಲೆ ವಕೀಲರು ಬೇರೆ ಪ್ರಶ್ನೆ ಹಾಕಿದರು: ನೀವು ಮಾಡಿದ ನೂರಾರು ನಂಬರ್ ತಪಾಸಣೆಯ ಕರೆಗಳ ಹಾಗೆಯೇ ಇದೂ ಇತ್ತೇ? "ಹೌದು" ಬಂದಿದ್ದು ಅದಕ್ಕೆ. ಕೊಲೆ ಪ್ರಕರಣದಲ್ಲಿ ಒಬ್ಬ ಸಾಕ್ಷಿಯ ಉತ್ತರವನ್ನು ಕಿತ್ತು ಇನ್ನೊಂದು ಪ್ರಶ್ನೆಗೆ ಅಂಟಿಸುವುದನ್ನು ನಾನು ಸಣ್ಣ ವಿಷಯ ಎನ್ನಲಾರೆ. ನಮ್ಮ ಕೋರ್ಟುಗಳಲ್ಲಿ ಸಾಕ್ಷಿಗೆ ಹೇಳಿಕೆಯನ್ನು ಓದಿ ಹೇಳಿ, "ಸರಿ ಇದೆ" ಎಂದಮೇಲೆ ಸಹಿ ಹಾಕಿಸುವುದು ಇದಕ್ಕೇ.

ಕೋಲ್ಬರ್ನ್ 2018ರಲ್ಲಿ ನೆಟ್‌ಫ್ಲಿಕ್ಸ್ ಮತ್ತು ಸರಣಿಯ ನಿರ್ಮಾಪಕರ ಮೇಲೆ ಮಾನನಷ್ಟ ದಾವೆ ಹೂಡಿದರು. 2023ರಲ್ಲಿ ಅದು ವಜಾ ಆಯಿತು. ಅಲ್ಲಿನ ಕಾನೂನಿನಲ್ಲಿ ಸಾರ್ವಜನಿಕ ಅಧಿಕಾರಿ ಗೆಲ್ಲಬೇಕಾದರೆ, ಸುಳ್ಳೆಂದು ಗೊತ್ತಿದ್ದೂ ಅಥವಾ ನಿಜವೇ ಎಂಬುದನ್ನು ಲೆಕ್ಕಿಸದೆ ತೋರಿಸಿದರು ಎಂದು ರುಜುವಾತು ಮಾಡಬೇಕು. ಅದು ಬಹಳ ಕಷ್ಟ.

ಸರಣಿ ತೋರಿಸದೆ ಬಿಟ್ಟದ್ದೂ ಕಡಿಮೆಯಿಲ್ಲ. ಕಾರಿನ ಬಾನೆಟ್ ಚಿಲಕದ ಮೇಲೆ ಏವರಿಯ ಡಿಎನ್ಎ ಸಿಕ್ಕಿತ್ತು. ಯುವತಿ ಕಾಣೆಯಾದ ದಿನವೇ ಅವನು ತನ್ನ ನಂಬರ್ ಮರೆಮಾಚಿ ಆಕೆಗೆ ಕರೆ ಮಾಡಿದ್ದ. ಎರಡಕ್ಕೂ ಡಿಫೆನ್ಸ್ ಬಳಿ ಉತ್ತರ ಇರಬಹುದು, ಆದರೆ ನೋಡುಗರಿಗೆ ಪ್ರಶ್ನೆಯೇ ಮುಟ್ಟಲಿಲ್ಲ. ಅವನ ಕ್ಷಮಾದಾನ ಕೋರಿ ಒಂದು ಲಕ್ಷಕ್ಕೂ ಹೆಚ್ಚು ಜನ ಶ್ವೇತಭವನಕ್ಕೆ ಮನವಿ ಸಲ್ಲಿಸಿದರು. ರಾಜ್ಯದ ಪ್ರಕರಣದಲ್ಲಿ ಅಧ್ಯಕ್ಷರಿಗೆ ಆ ಅಧಿಕಾರವೇ ಇಲ್ಲ.

ಸರಣಿ ಒಳ್ಳೆಯದನ್ನೂ ಮಾಡಿದೆ. ಏವರಿಯ 16 ವರ್ಷದ ಸೋದರಳಿಯನನ್ನು ವಕೀಲರಿಲ್ಲದೆ ಕೂರಿಸಿ ತಪ್ಪೊಪ್ಪಿಗೆ ಹೊರಡಿಸಿದ ಪರಿಯನ್ನು ಪ್ರತಿಯೊಬ್ಬ ತನಿಖಾಧಿಕಾರಿಯೂ ನೋಡಬೇಕು.

ಕಥೆ ಒಂದೇ ಕಡೆ ವಾಲಲು ಮೋಸವೇ ಬೇಕಿಲ್ಲ. ಏವರಿಯ ಮನೆಯವರು ವರ್ಷಗಟ್ಟಲೆ ಕ್ಯಾಮೆರಾಕ್ಕೆ ಬಾಗಿಲು ತೆರೆದರು, ಯುವತಿಯ ಮನೆಯವರು ಸರಣಿಯಲ್ಲಿ ಭಾಗವಹಿಸಲು ಒಪ್ಪಲಿಲ್ಲ. ಮಾತಾಡಿದವರ ಅಳು ನಮಗೆ ಹತ್ತಿರವಾಗುತ್ತದೆ. ನಮ್ಮ ದೇಶದ ಪ್ರಕರಣದ ಸರಣಿ ನೋಡಿದಿರಾದರೆ ಇ-ಕೋರ್ಟ್ಸ್ ತಾಣದಲ್ಲಿ ತೀರ್ಪು ಹುಡುಕಿ. ಆದೇಶದ ಕೊನೆಯ ಪುಟ ಸಾಲದು, ಸಾಕ್ಷಿಗಳ ಪಾಟೀ ಸವಾಲನ್ನು, ಅಂದರೆ ಎದುರು ಕಡೆಯ ವಕೀಲರು ಅವರನ್ನು ಪ್ರಶ್ನಿಸಿದ್ದನ್ನು, ಚರ್ಚಿಸಿದ ಪ್ಯಾರಾಗಳನ್ನು ಓದಿ.