ಮಗುವಿನ ಬಡತನ ಯಾವ ಲೆಕ್ಕದಲ್ಲಿದೆ?

ಯಾದಗಿರಿ ಹಿಂದುಳಿದ ಜಿಲ್ಲೆ ಎಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಆದರೆ ಅದೇ ಜಿಲ್ಲೆಯ ಹುಣಸಗಿ ತಾಲೂಕಿನಲ್ಲಿ ಎಷ್ಟು ಮಕ್ಕಳು ಬಡತನದಲ್ಲಿದ್ದಾರೆ, ವಡಗೇರಾದಲ್ಲಿ ಎಷ್ಟು ಎಂದು ಕೇಳಿದರೆ ಖಚಿತವಾದ ಉತ್ತರ ಸಿಗುವುದಿಲ್ಲ. ಅಳತೆಗಳಿಗೆ ಕೊರತೆಯಿಲ್ಲ, ಒಂದೊಂದು ಅಳತೆ ಒಂದೊಂದನ್ನು ಅಳೆಯುತ್ತದೆ, ಅಷ್ಟೆ.

1979ರಲ್ಲಿ ಹಳ್ಳಿಯವರಿಗೆ ದಿನಕ್ಕೆ 2400, ಪಟ್ಟಣದವರಿಗೆ 2100 ಕ್ಯಾಲೊರಿ ಎಂಬ ಆಧಾರದ ಮೇಲೆ ಎಳೆದ ಬಡತನ ರೇಖೆಯನ್ನು ಮುಂದೆ ಲಕ್ಡಾವಾಲಾ, ತೆಂಡೂಲ್ಕರ್, ರಂಗರಾಜನ್ ಸಮಿತಿಗಳು ತಿದ್ದಿದವು. ಇವೆಲ್ಲವೂ ನೋಡಿದ್ದು ಮನೆಯ ಖರ್ಚನ್ನು; ಆ ಮನೆಯಲ್ಲಿ ಯಾರ ತಟ್ಟೆಗೆ ಎಷ್ಟು ಬಿತ್ತು ಎಂಬುದನ್ನಲ್ಲ.

ಕರ್ನಾಟಕದಲ್ಲಿ ತಾಲೂಕನ್ನೇ ಘಟಕವಾಗಿಟ್ಟುಕೊಂಡು ಪ್ರಾದೇಶಿಕ ಅಸಮತೋಲನವನ್ನು ಅಳೆದದ್ದು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ. 2002ರ ಅದರ ವರದಿ 35 ಸೂಚಕಗಳನ್ನು ಸೇರಿಸಿ 175 ತಾಲೂಕುಗಳಿಗೆ ಸೂಚ್ಯಂಕ ಕಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ಅದಕ್ಕಿಂತ ಕೆಳಗಿದ್ದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಆ 39ರಲ್ಲಿ 21 ಗುಲ್ಬರ್ಗ (ಇಂದಿನ ಕಲಬುರಗಿ) ವಿಭಾಗದವೇ ಆಗಿದ್ದವು. ಅನುದಾನದ ಚರ್ಚೆಗೆ ಇಂದಿಗೂ ಇದೇ ತಳಹದಿ, ಅದು ಸಣ್ಣ ಸಾಧನೆಯೇನಲ್ಲ. ಆದರೆ ಟ್ರ್ಯಾಕ್ಟರ್, ಟೆಲಿಫೋನ್, ಬ್ಯಾಂಕ್ ಶಾಖೆ, ವೈದ್ಯರು, ಶಾಲೆಯಿಂದ ಹೊರಗುಳಿದ ಮಕ್ಕಳು ಎಲ್ಲವೂ ಸೇರಿದ್ದ ಆ ಲೆಕ್ಕದಲ್ಲಿ ಮಗುವಿನ ತೂಕ ಇರಲಿಲ್ಲ.

ಮಗುವಿನ ಎತ್ತರ, ತೂಕಗಳನ್ನು ಅಳೆಯುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಐದನೇ ಸುತ್ತಿನ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರೋಗ್ಯ, ಶಿಕ್ಷಣ, ಜೀವನಮಟ್ಟ ಮೂರನ್ನೂ ಸೇರಿಸಿ ಬಡತನ ಅಳೆಯುವ ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕಕ್ಕೂ ಇದೇ ಸಮೀಕ್ಷೆ ಆಧಾರ. ಆದರೆ ಈ ಸಮೀಕ್ಷೆಯ ಮಾದರಿ ಜಿಲ್ಲೆಯ ಮಟ್ಟದಲ್ಲೇ ನಿಲ್ಲುತ್ತದೆ, ತಾಲೂಕಿಗೆ ಇಳಿಯುವುದಿಲ್ಲ. ಕರ್ನಾಟಕದಲ್ಲಿ ಅಳತೆ ನಡೆದದ್ದು 2019ರ ಉತ್ತರಾರ್ಧದಲ್ಲಿ; ಅಂದು ಅಳೆಸಿಕೊಂಡ ಕೂಸುಗಳು ಈಗ ಶಾಲೆಗೆ ಹೋಗುತ್ತಿವೆ.

ಊರಿನ ಮಟ್ಟದಲ್ಲಿ ಪ್ರತಿ ಮಗುವನ್ನೂ ತಿಂಗಳು ತಿಂಗಳು ತೂಗುವ ಏಕೈಕ ಜಾಗ ಅಂಗನವಾಡಿ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ ಮೊದಲು ಆರಂಭವಾದದ್ದು ತಿರುಮಕೂಡಲು ನರಸೀಪುರದಲ್ಲಿ. ತೊಲೆಗೆ ನೇತುಹಾಕಿದ ತಕ್ಕಡಿಯಲ್ಲಿ ಕೂಸನ್ನು ಕೂರಿಸಿದರೆ ಅದು ಅಳುತ್ತಾ ಒದ್ದಾಡುತ್ತದೆ, ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಕಾರ್ಯಕರ್ತೆ ಅಂದಾಜಿನ ಮೇಲೆ ಅಂಕಿ ಬರೆದುಕೊಳ್ಳುತ್ತಾರೆ. ಎತ್ತರದ ಕಥೆ ಇನ್ನೂ ಸೂಕ್ಷ್ಮ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. ಹುಟ್ಟಿದ ದಿನ ಬರೆದಿರುವ ತಾಯಿ ಕಾರ್ಡ್ ಕಳೆದುಹೋಗಿದ್ದರೆ ವಯಸ್ಸು ಕೂಡ 'ಜ್ವಾಳದ ರಾಶಿ ಮುಂದ ಹುಟ್ಯಾದ' ಎಂಬ ಅಜ್ಜಿಯ ಮಾತಿನ ಮೇಲೆ ನಿಲ್ಲುತ್ತದೆ, ಮತ್ತು ವಯಸ್ಸು ಎರಡು ತಿಂಗಳು ಕಡಿಮೆ ಬಿದ್ದರೆ ಕುಂಠಿತ ಮಗುವೂ ಕಾಗದದಲ್ಲಿ ಸರಿಯಾಗಿಯೇ ಕಾಣುತ್ತದೆ. ತೂಕ ತೀರಾ ಕಡಿಮೆ ಇರುವ ಮಕ್ಕಳನ್ನು ಸೇರಿಸುವ ಕೆಂಪು ಬಣ್ಣದ ಸಾಲಿನಲ್ಲಿ ಹೆಸರು ಹೆಚ್ಚಿದಷ್ಟೂ ಸಭೆಯಲ್ಲಿ ಉತ್ತರ ಹೇಳಬೇಕಾದವರು ಆ ಕಾರ್ಯಕರ್ತೆಯೇ ಎಂಬುದನ್ನೂ ಮರೆಯಬಾರದು. 2021ರಿಂದ ಇದೆಲ್ಲ ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ಗೆ ಹೋಗುತ್ತಿದೆ. ಅಂಕಿ ಬೇಗ ತಲುಪುತ್ತದೆ, ತಕ್ಕಡಿಯ ಮುಳ್ಳು ಮಾತ್ರ ಹಾಗೆಯೇ ಅಲುಗುತ್ತಿದೆ.

ಈ ಎಲ್ಲ ಲೆಕ್ಕಗಳಿಗೂ ಮಗು ಊರಲ್ಲಿರಬೇಕು. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೋ ಪುಣೆಗೋ ಗುಳೆ ಹೋಗುವ ಮನೆಗಳ ಮಕ್ಕಳು ಊರಿನ ಪುಸ್ತಕದಲ್ಲಿ 'ಗೈರು' ಆಗುತ್ತಾರೆ, ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ ಅವರನ್ನು ಕರೆದು ತೂಗುವವರು ಸಿಗುವುದು ಅಪರೂಪ.

ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. ನಂಜುಂಡಪ್ಪ ಸಮಿತಿಯ ಕಾಲಕ್ಕೆ ಹುಣಸಗಿ ಸುರಪುರದೊಳಗಿತ್ತು, ವಡಗೇರಾ ಶಹಾಪುರದೊಳಗಿತ್ತು, ಯಾದಗಿರಿ ಎಂಬ ಜಿಲ್ಲೆಯೇ ಇರಲಿಲ್ಲ. ಹಾಗಾಗಿ ಹೊಸ ಅಂಕಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡುವುದಕ್ಕೂ ಮೊದಲು ಗಡಿಗಳನ್ನು ಹೊಂದಿಸಿಕೊಳ್ಳಬೇಕಾಗುತ್ತದೆ.