ಮೂಳೆ ಸವೆತ: ಸವೆದದ್ದು ಯಾವುದು?

ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮತ್ತೆ ಅದೇ ಮಾತು. ಸೊಂಟದ ಹತ್ತಿರ ಮೂಳೆ ಮುರಿದು ಆಪರೇಷನ್ ಆಗಿರುವ ದೊಡ್ಡಮ್ಮನ ಬಗ್ಗೆ ಒಬ್ಬರು "ಮೂಳೆ ಸವೆದಿದೆಯಂತೆ, ಮೂರು ತಿಂಗಳು ಎಬ್ಬಿಸಲೇಬೇಡಿ" ಅಂತ ಬರೆದರು. ಉಳಿದವರೆಲ್ಲ ಹೂಂ ಅಂದರು. ಪ್ರೀತಿಯಿಂದಲೇ ಹೇಳಿದ್ದು, ಸರಿ. ಆದರೆ ಈ 'ಸವೆತ' ಅನ್ನುವ ಪದವೇ ಅವರನ್ನು ದಾರಿ ತಪ್ಪಿಸಿದೆ.

ಚಪ್ಪಲಿ ಸವೆಯುತ್ತದೆ, ಬೀಸುವ ಕಲ್ಲು ಸವೆಯುತ್ತದೆ, ಗಾಡಿಯ ಟೈರು ಸವೆಯುತ್ತದೆ. ನಡೆದೂ ನಡೆದೂ ಹಾದಿ ಸವೆಸುತ್ತೇವೆ. ಬಳಸಿ ಬಳಸಿ ಕಡಿಮೆಯಾಗುವುದೇ ಸವೆತ ಅಲ್ವಾ? ಹಾಗಾಗಿ ಮೂಳೆ ಸವೆದಿದೆ ಅಂದ ಕೂಡಲೇ ತಲೆ ತಾನೇ ಮುಂದಿನ ಲೆಕ್ಕ ಹಾಕಿಬಿಡುತ್ತದೆ: ಜಾಸ್ತಿ ಓಡಾಡಿದ್ದಕ್ಕೆ ಹೀಗಾಯಿತು, ಇನ್ನು ಮಲಗಿದರೆ ಉಳಿದದ್ದಾದರೂ ಉಳಿದೀತು.

ಮಂಡಿಯ ವಿಷಯದಲ್ಲಿ ಈ ಪದಕ್ಕೆ ಒಂದಿಷ್ಟು ಅರ್ಥವಿದೆ. ಅಲ್ಲಿ ಮೊದಲು ಸವೆಯುವುದು ಮೂಳೆಯ ತುದಿಗೆ ಹೊದಿಕೆಯಂತಿರುವ ನುಣುಪಾದ ಮೃದ್ವಸ್ಥಿ. ಡಾಕ್ಟರು ಅದನ್ನು ಆಸ್ಟಿಯೋಆರ್ಥ್ರೈಟಿಸ್ ಅನ್ನುತ್ತಾರೆ, ನಾವು 'ಗ್ಯಾಪ್ ಬಂದಿದೆ' ಅನ್ನುತ್ತೇವೆ. 

'ಮೂಳೆ ಸವೆತ' ಅಂತಲೇ ಕರೆಯುವ ಆಸ್ಟಿಯೋಪೊರೋಸಿಸ್ ಬೇರೆಯೇ ಸಂಗತಿ. ಗ್ರೀಕಿನಲ್ಲಿ 'ಓಸ್ಟಿಯಾನ್' ಅಂದರೆ ಮೂಳೆ, 'ಪೋರೊಸ್' ಅಂದರೆ ದಾರಿ, ರಂಧ್ರ. ಇಲ್ಲಿ ಏನೂ ಉಜ್ಜಿ ಹೋಗುವುದಿಲ್ಲ, ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಸಾಮಾನ್ಯವಾಗಿ ಮುರಿಯುವ ತನಕ ನೋವೂ ಇರುವುದಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಬಂದರೆ ಈ ಹೆಸರು. ಎರಡನ್ನೂ 'ಸವೆತ' ಅಂತ ಒಂದೇ ಚೀಲಕ್ಕೆ ತುಂಬಿರುವುದರಿಂದಲೇ ಮಂಡಿ ನೋವಿಗೆ ಸುಮ್ನೆ ಕ್ಯಾಲ್ಸಿಯಂ ಮಾತ್ರೆ ನುಂಗುವವರು ಇಷ್ಟೊಂದು ಜನ.

ಚಪ್ಪಲಿಯ ಲೆಕ್ಕ ಇಲ್ಲಿ ಪೂರ್ತಿ ತಲೆಕೆಳಗು. ಬಳಸದಿದ್ದರೆ ಮೂಳೆ ತೆಳ್ಳಗಾಗುತ್ತದೆ. ನಮ್ಮ ಮೈಯಲ್ಲಿ ಒಂದು ಬಗೆಯ ಜೀವಕೋಶ ಹಳೇ ಮೂಳೆಯನ್ನು ಕರಗಿಸುತ್ತಲೇ ಇರುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತಲೇ ಇರುತ್ತದೆ. ಎಲ್ಲಿ ಎಷ್ಟು ಕಟ್ಟಬೇಕು ಅನ್ನುವುದು ಬಹುಮಟ್ಟಿಗೆ ಅಲ್ಲಿ ಬೀಳುವ ಭಾರವನ್ನು ನೋಡಿಕೊಂಡು ತೀರ್ಮಾನವಾಗುತ್ತದೆ. ಮೂಳೆ ಭಾರಕ್ಕೆ ಒಗ್ಗಿಕೊಂಡು ರೂಪುಗೊಳ್ಳುತ್ತದೆ ಅಂತ ಜರ್ಮನಿಯ ಸರ್ಜನ್ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಮಲಗಿಬಿಟ್ಟರೆ ಕಾಲು, ಸೊಂಟ, ಬೆನ್ನಿನ ಮೇಲೆ ಭಾರವೇ ಬೀಳುವುದಿಲ್ಲ. ಕರಗಿಸುವ ಕೆಲಸ ಮುಂದೆ ಓಡುತ್ತದೆ, ಕಟ್ಟುವ ಕೆಲಸ ಹಿಂದೆ ಬೀಳುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗುತ್ತದೆ. ಬಹಳ ಕಾಲ ಹಾಸಿಗೆ ಹಿಡಿದವರಿಗೆ ಕಿಡ್ನಿ ಕಲ್ಲಿನ ಭಯ ಇರುವುದೂ ಇದರಿಂದಲೇ.

ಎಷ್ಟು ಕರಗುತ್ತದೆ? 1990ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಆರೋಗ್ಯವಂತ ಗಂಡಸರನ್ನು 17 ವಾರ ಹಾಸಿಗೆಯಲ್ಲೇ ಮಲಗಿಸಿದ್ದರು. ಹಿಮ್ಮಡಿ ಮೂಳೆಯ ಖನಿಜ ಸುಮಾರು 10% ಕರಗಿತ್ತು, ಬೆನ್ನು ಮತ್ತು ಸೊಂಟದ ಹತ್ತಿರ ಸುಮಾರು 4%. ಯಾವ ಮೂಳೆ ದಿನವೂ ಇಡೀ ಮೈ ಹೊರುತ್ತದೋ ಅದಕ್ಕೇ ಜಾಸ್ತಿ ಪೆಟ್ಟು. ತಲೆಬುರುಡೆಯಲ್ಲಿ ಖನಿಜ ಕಡಿಮೆಯಾಗಲೇ ಇಲ್ಲ, ಸ್ವಲ್ಪ ಹೆಚ್ಚೇ ಆಯಿತು! ಎದ್ದು ಓಡಾಡಿ ಆರು ತಿಂಗಳಾದ ಮೇಲೆ ಹಿಮ್ಮಡಿ ಹೆಚ್ಚುಕಮ್ಮಿ ಮೊದಲಿನಂತಾಗಿತ್ತು. ಬೆನ್ನು, ಸೊಂಟ ಅಷ್ಟು ಬೇಗ ಚೇತರಿಸಿಕೊಳ್ಳಲಿಲ್ಲ. ಇವರೆಲ್ಲ ಗಟ್ಟಿಮುಟ್ಟಾದ ಗಂಡಸರು ಅನ್ನುವುದು ನೆನಪಿರಲಿ. ಮುಟ್ಟು ನಿಂತು ಮೊದಲೇ ಮೂಳೆ ತೆಳ್ಳಗಾಗಿರುವ ದೊಡ್ಡಮ್ಮನನ್ನು ಅವರ ಜೊತೆ ಹೋಲಿಸುವ ಹಾಗೂ ಇಲ್ಲ.

ಹಾಗಂತ ಯಾರನ್ನೂ ನೀವಾಗಿಯೇ ಎಬ್ಬಿಸಿ ನಿಲ್ಲಿಸಬೇಡಿ. ಕೆಲವು ಮುರಿತಗಳಿಗೆ, ಅದರಲ್ಲೂ ಬೆನ್ನುಮೂಳೆಯ ಕೆಲವು ಪೆಟ್ಟುಗಳಿಗೆ, ಮಲಗುವುದು ನಿಜವಾಗಿಯೂ ಬೇಕು. ಆದರೆ ಸೊಂಟದ ಆಪರೇಷನ್ ಆದವರನ್ನು ಈಗ ಸಾಮಾನ್ಯವಾಗಿ ಮಾರನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ 'ಎನ್‌ಡಬ್ಲ್ಯೂಬಿ' ಅಂತ ಇದ್ದರೆ ಆ ಒಂದು ಕಾಲಿಗೆ ಭಾರ ಹಾಕಬೇಡಿ ಅಂತ ಅರ್ಥ. ಇಡೀ ಮನುಷ್ಯ ಮಂಚ ಬಿಟ್ಟು ಇಳಿಯಬಾರದು ಅಂತಲ್ಲ. ಇನ್ನೊಂದು ಕಾಲಿದೆ, ಎರಡು ಕೈಯಿದೆ, ವಾಕರ್ ಇದೆ. ಯಾವ ಕಾಲಿಗೆ ಎಷ್ಟು ಭಾರ, ಯಾವತ್ತಿನಿಂದ ಅಂತ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿ ಅದೇ ಚೀಟಿಯ ಹಿಂದೆ ಬರೆಸಿಕೊಳ್ಳಿ.